ನಿಮ್ಮ ಊರು ಯಾವಾಗ ಸುಟ್ಟು ಹೋಯ್ತು?

ಬುಧವಾರ ಮಧ್ಯಾಹ್ನ ಇಲ್ಲಿ ಮಕ್ಕಳಿಗೆ ಶಾಲೆ ಇರುವುದಿಲ್ಲ. ಎದುರುಮನೆಯ ಹುಡುಗಿ ನಮ್ಮ ಮನೆಗೆ ಆಡಲು ಬಂದಿದ್ದಳು. ಎಂಟು ವರ್ಷ, ನನ್ನ ಮಗಳ ತರಗತಿಯವಳೇ. ಮಗಳು ನನ್ನ ಮೊಬೈಲಿನಲ್ಲಿ ಬೆಂಗಳೂರಿನ ನಕ್ಷೆ ತೆಗೆದು ಮಲ್ಲೇಶ್ವರದಲ್ಲಿ ತಾತನ ಮನೆ ಎಲ್ಲಿದೆ ಅಂತ ತೋರಿಸುತ್ತಿದ್ದಳು. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ, ನಡುವೆ ಏಣಿಯ ಮೆಟ್ಟಿಲಿನ ಹಾಗೆ ಸಾಲಾಗಿ ಕ್ರಾಸುಗಳು. ಆ ಹುಡುಗಿ ಸ್ವಲ್ಪ ಹೊತ್ತು ಬೆರಳಾಡಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ನಿಮ್ಮ ಊರು ಯಾವಾಗ ಸುಟ್ಟು ಹೋಯ್ತು?"

ನನಗೆ ತಪ್ಪಾಗಿ ಕೇಳಿಸಿತೇನೋ ಅಂದುಕೊಂಡೆ. ಮಗಳು ಕನ್ನಡದಲ್ಲಿ ಇನ್ನೊಂದು ಸಲ ಹೇಳಿದಳು. ಹೌದು, ಅದೇ ಪ್ರಶ್ನೆ. ಯಾಕೆ ಹಾಗೆ ಕೇಳ್ತೀಯಾ ಅಂದೆ. "ರಸ್ತೆ ಎಲ್ಲಾ ನೇರವಾಗಿದೆಯಲ್ಲ" ಅಂದಳು.

ಅವಳ ಲೆಕ್ಕ ಸರಿಯಾಗಿಯೇ ಇತ್ತು. ನಾವಿರುವ ಗ್ಲಾರುಸ್ ಸ್ವಿಟ್ಜರ್‌ಲೆಂಡಿನ ಒಂದು ಪುಟ್ಟ ಊರು. ಎರಡೂ ಕಡೆ ಗೋಡೆಯ ಹಾಗೆ ಬೆಟ್ಟ, ನಡುವಿನ ಕಣಿವೆಯಲ್ಲಿ ಲಿಂತ್ ನದಿ. 1861ರ ಮೇ 10ರ ರಾತ್ರಿ ಇಲ್ಲಿ ಬೆಂಕಿ ಬಿತ್ತು. ದಕ್ಷಿಣದ ಬೆಟ್ಟ ಇಳಿದು ಬರುವ ಒಣ ಬಿಸಿಗಾಳಿ ಒಂದಿದೆ, ಆ ಗಾಳಿಗೆ ಇಲ್ಲಿ ಫ್ಯೋನ್ (Föhn) ಅಂತಾರೆ. ಅವತ್ತು ಆ ಗಾಳಿ ಬೀಸುತ್ತಿತ್ತು. ಮರದ ಮನೆಗಳು, ಇಕ್ಕಟ್ಟು ಓಣಿಗಳು. ಬೆಳಗಾಗುವ ಹೊತ್ತಿಗೆ ಊರಿನಲ್ಲಿ ಮೂರರಲ್ಲಿ ಎರಡು ಪಾಲು ಬೂದಿ. ಸುಟ್ಟ ಜಾಗದಲ್ಲಿ ಹೊಸ ಊರಿಗೆ ಬೆರ್ನ್‌ಹಾರ್ಡ್ ಸಿಮೋನ್ ಮತ್ತು ಯೋಹಾನ್ ಕಾಸ್ಪರ್ ವೋಲ್ಫ್ ಎಂಬ ಇಬ್ಬರು ನಕ್ಷೆ ಬರೆದರು. ಚದುರಂಗದ ಮನೆಗಳ ಹಾಗೆ ಅಗಲವಾದ ನೇರ ರಸ್ತೆಗಳು, ಗಟ್ಟಿ ಗೋಡೆಯ ಮನೆಗಳು. ಬೆಂಕಿ ತಲುಪದ ಕಡೆ ಇವತ್ತಿಗೂ ಬೀದಿಗಳು ಸೊಟ್ಟಸೊಟ್ಟವಾಗಿಯೇ ಇವೆ. ಸೊಟ್ಟ ಬೀದಿ ಅಂದರೆ ಬೆಂಕಿ ಬರಲಿಲ್ಲ, ನೇರ ಬೀದಿ ಅಂದರೆ ಬೆಂಕಿ ಬಂತು. ಅವಳಿಗೆ ಊರು ಅಂದರೆ ಇಷ್ಟೇ.

ಬರೀ ಬೆಂಕಿಯ ಕಥೆಯಲ್ಲ, ಈ ಹುಡುಗಿಗೆ ತನ್ನ ಕಣಿವೆಯ ಕಥೆ ಎಲ್ಲಾ ಗೊತ್ತು. ರೈನ್ ನದಿ ದಡದ ಒಂದು ಸನ್ಯಾಸಿನಿಯರ ಮಠಕ್ಕೆ ಈ ಕಣಿವೆ ಸೇರಿತ್ತಂತೆ, ಅಲ್ಲಿಗೆ ಕಂದಾಯ ಹೋಗುತ್ತಿತ್ತಂತೆ. 1352ರಲ್ಲಿ ಸ್ವಿಸ್ ಒಕ್ಕೂಟಕ್ಕೆ ಸೇರಿದರು. 1388ರಲ್ಲಿ ಪಕ್ಕದ ನೇಫೆಲ್ಸ್‌ನಲ್ಲಿ ಹ್ಯಾಬ್ಸ್‌ಬರ್ಗ್ ರಾಜಮನೆತನದ ಸೈನ್ಯವನ್ನು ಹಿಮ್ಮೆಟ್ಟಿಸಿದರು. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಊರಿನವರು ಆ ಜಾಗಕ್ಕೆ ನಡೆದುಕೊಂಡು ಹೋಗುತ್ತಾರೆ. ಅಲ್ಲಿ ಸತ್ತವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ಆರುನೂರು ವರ್ಷದ ಹಿಂದಿನ ರೈತರ ಹೆಸರುಗಳು! ಈ ಸಲ ನಾವೂ ಹೋಗಿದ್ದೆವು. ಸಣ್ಣ ಮಳೆ ಬರುತ್ತಿತ್ತು. ಯಾರೂ ಅಲುಗಾಡಲಿಲ್ಲ.

ಇಂಥ ಹುಡುಗಿಗೆ ನಾನು ಏನು ಹೇಳಲಿ? ಮಲ್ಲೇಶ್ವರದಲ್ಲಿ ಹುಟ್ಟಿ ಬೆಳೆದವಳು ನಾನು. ನಮ್ಮ ರಸ್ತೆಗಳು ಯಾಕೆ ನೇರ ಅಂತ ಒಂದು ದಿನಕ್ಕೂ ಯೋಚಿಸಿರಲಿಲ್ಲ. ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದರು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಅಲ್ಲಿಂದ ನೇರ ನಮ್ಮ ಕ್ರಾಸಿಗೆ ಹೇಗೆ ಬಂದೆವು ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಸಂಜೆ ಕಾಫಿ ಹೊತ್ತು. ಪ್ರಶ್ನೆ ಕೇಳಿದ್ದೇ ಅಪ್ಪ ಲೋಟ ಕೆಳಗಿಟ್ಟರು.

"ಬೆಂಕಿ ಅಲ್ಲಮ್ಮ, ಪ್ಲೇಗು" ಅಂದರು.

1898ರಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂತಂತೆ. ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆ ಎಲ್ಲಾ ಒತ್ತೊತ್ತಾಗಿ ಮನೆಗಳು. ಗಾಳಿ ಬೆಳಕಿಲ್ಲ, ಕಾಳಿನ ಗೋದಾಮುಗಳ ತುಂಬ ಇಲಿ. ಅಪ್ಪನ ಅಜ್ಜಿ ಆಗ ಬಳೇಪೇಟೆಯಲ್ಲಿ ಚಿಕ್ಕ ಹುಡುಗಿ. ಅಡುಗೆಮನೆಯಲ್ಲಿ ಸತ್ತ ಇಲಿ ಬಿದ್ದಿತ್ತು. ಅವತ್ತೇ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹಾಕಿಕೊಂಡರಂತೆ. ವಾಪಸ್ ಬಂದಾಗ ಪಕ್ಕದ ಮನೆಯಲ್ಲಿ ದೀಪ ಹಚ್ಚುವವರು ಇರಲಿಲ್ಲ. ಆ ಅಜ್ಜಿ ಮುದುಕಿಯಾದ ಮೇಲೂ ಅಡುಗೆಮನೆಯಲ್ಲಿ ಏನಾದರೂ ಸರಸರ ಸದ್ದಾದರೆ ಎದ್ದು ಕೂತುಬಿಡುತ್ತಿದ್ದರಂತೆ.

ಪೇಟೆಯ ಜನರನ್ನು ಹೊರಗೆ ತರಬೇಕು ಅಂತ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ನೇರ ರಸ್ತೆ, ಪ್ರತಿ ಮನೆಗೂ ಸುತ್ತ ಜಾಗ, ಹಿಂದೆ ಒಂದು ಸಣ್ಣ ಓಣಿ. ಆ ಓಣಿಗೆ ನಾವು ಕನ್ಸರ್ವೆನ್ಸಿ ಅಂತಲೇ ಹೇಳುತ್ತಿದ್ದೆವು. ಬಾಲ್ ಅಲ್ಲಿ ಬಿದ್ದರೆ ಗೋಡೆ ಹಾರಿ ತರುತ್ತಿದ್ದೆವು. ಆ ಪದಕ್ಕೆ ಏನರ್ಥ ಅಂತ ಅವತ್ತು ಗೊತ್ತಿರಲಿಲ್ಲ.

ನಾನು ಹೇಳುತ್ತಾ ಹೋದೆ, ಮಗಳು ಅವರ ಭಾಷೆಗೆ ತಿರುಗಿಸುತ್ತಾ ಹೋದಳು. ಹುಡುಗಿ ತಲೆದೂಗಿದಳು. ಅವಳಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಬೆಂಕಿಯ ಬದಲು ಇಲಿ, ಅಷ್ಟೇ. ನನಗೆ ಮಾತ್ರ ಗಂಟಲು ಕಟ್ಟಿತ್ತು. ಈ ಕಥೆ ನಮ್ಮ ಮನೆಯಲ್ಲೇ ಇತ್ತು. ನಲವತ್ತು ವರ್ಷ ನಮ್ಮ ಮನೆಯಲ್ಲೇ ಇತ್ತು. ಅದನ್ನು ಕೇಳಿಸಿಕೊಳ್ಳಲು ಗ್ಲಾರುಸಿನ ಮಗು ಕೇಳಬೇಕಾಯ್ತಲ್ಲ.

ನಮ್ಮೂರಿನಲ್ಲಿ ಹಳೇ ಹೆಸರುಗಳು ಮಾತ್ರ ಗಟ್ಟಿಯಾಗಿ ಉಳಿದಿವೆ. ಮಿನರ್ವ ಮಿಲ್ ಸ್ಟಾಪಿನಲ್ಲಿ ಇಳಿಯುವವರು ಮಿಲ್ ನೋಡುವುದಿಲ್ಲ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುವಾಗ ಅದು ಧರ್ಮಾಂಬುಧಿ ಕೆರೆಯ ಅಂಗಳ ಅಂತ ಎಷ್ಟು ಮಂದಿಗೆ ನೆನಪಿದೆ? ಬೆಂಗಳೂರು ತುಂಬ ಬೇಗ ಬೆಳೆಯಿತು, ಹೊಸಬರು ಜಾಸ್ತಿ, ಅದೂ ಕಾರಣ ಇರಬಹುದು. ಆದರೆ ನಮ್ಮಂಥ ಹಳಬರ ಮನೆಗಳಲ್ಲೂ ಮಾತು ನಿಂತುಹೋಗಿದೆ. ಅದು ನನಗೆ ನೋವಾಗುತ್ತದೆ.

ಅಷ್ಟರಲ್ಲಿ ಹುಡುಗಿಗೆ ಆ ಹಿಂದಿನ ಓಣಿ ನೋಡಬೇಕು ಅನಿಸಿತು. ಅಪ್ಪ ಚಪ್ಪಲಿ ಮೆಟ್ಟಿಕೊಂಡು, ಮೊಬೈಲ್ ಹಿಡಿದು ಹಿತ್ತಲ ಬಾಗಿಲು ತೆಗೆದರು. ಬಾಗಿಲಿನ ಚಿಲಕ ತುಕ್ಕು ಹಿಡಿದಿತ್ತು, ಎರಡು ಸಲ ಎಳೆದ ಮೇಲೆ ಬಂತು. ಹೊರಗೆ ಚಪ್ಪಡಿ ಕಲ್ಲು, ಅಂಚಿನಲ್ಲಿ ಮುಚ್ಚಿಹೋದ ಚರಂಡಿ, ಯಾರದೋ ಸ್ಕೂಟರ್, ಒಡೆದ ಪ್ಲಾಸ್ಟಿಕ್ ಡ್ರಮ್ಮು. ಗೋಡೆಯ ಬುಡದಲ್ಲಿ ಒಂದು ಸಣ್ಣ ಚೌಕ, ಇಟ್ಟಿಗೆ ಇಟ್ಟು ಮುಚ್ಚಿದ್ದು. ಅಲ್ಲಿ ಕ್ಯಾಮೆರಾ ನಿಂತಿತು.

"ಇದು ಹಳೇ ಕಕ್ಕಸಿನ ಕಿಂಡಿ" ಅಂದರು ಅಪ್ಪ. ಅವರ ದನಿ ಸಣ್ಣದಾಯಿತು. ಒಳಚರಂಡಿ ಬರುವ ಮುಂಚೆ ಈ ಓಣಿಯಲ್ಲಿ ದಿನಾ ಬೆಳಿಗ್ಗೆ ಕೆಲಸದವರು ಬಂದು ಇಲ್ಲಿಂದ ಮಲ ತೆಗೆದು, ತಲೆ ಮೇಲೆ ಹೊತ್ತು ಒಯ್ಯುತ್ತಿದ್ದರು. ಮುಂದಿನ ರಸ್ತೆಗೆ ಅವರು ಬರಬಾರದು ಅಂತಲೇ ಹಿಂದೆ ಈ ಓಣಿ. ರೋಗ ಬರದ ಹಾಗೆ ಕಟ್ಟಿದ ಬಡಾವಣೆ ಅಂತ ಒಂದು ನಿಮಿಷ ಮುಂಚೆ ಹೆಮ್ಮೆಯಿಂದ ಹೇಳಿದ್ದೆನಲ್ಲ, ಆ ಕೊಳೆ ಹೊತ್ತವರು ಇವರು. ಅವರನ್ನು ಆ ರೋಗದಿಂದ ಯಾರು ಕಾಪಾಡಿದರು?

ಮಗಳು ಇದನ್ನು ಗೆಳತಿಗೆ ಹೇಳಲು ಸ್ವಲ್ಪ ತಡವರಿಸಿದಳು. ಆದರೂ ಹೇಳಿದಳು. ಹುಡುಗಿ ಬಹಳ ಹೊತ್ತು ಆ ಚೌಕವನ್ನೇ ನೋಡಿದಳು.

"ಅವರ ಹೆಸರೇನು?" ಅಂತ ಕೇಳಿದಳು.

ಅಪ್ಪ ತಕ್ಷಣ ಏನೂ ಹೇಳಲಿಲ್ಲ. ಓಣಿಯಲ್ಲಿ ಯಾರದೋ ಮನೆಯ ಕುಕ್ಕರ್ ಕೂಗಿತು.

"ಗೊತ್ತಿಲ್ಲ ಪುಟ್ಟಿ" ಅಂದರು ಕೊನೆಗೆ. "ನಮ್ಮ ರಸ್ತೆ ಗುಡಿಸೋಕೆ ಒಬ್ಬರು ಅಮ್ಮ ಬರ್ತಾರೆ. ಅವರ ತಾತನೂ ಇದೇ ಕ್ರಾಸುಗಳಲ್ಲಿ ಕೆಲಸ ಮಾಡ್ತಿದ್ರು ಅಂತ ಒಂದ್ಸಲ ಹೇಳಿದ್ರು. ಬೆಳಿಗ್ಗೆ ಆರಕ್ಕೆ ಬರ್ತಾರೆ. ಕೇಳ್ತೀನಿ."