ತೆಳ್ಳಗಿನ ಲ್ಯಾಪ್‌ಟಾಪ್ ನಡೀತೈತೇನ್ರಿ?

ನಾನು ವಿಜಯಪುರದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು. ಒಂದಿಷ್ಟು ಅಂಗಡಿಗಳ ಜಿಎಸ್‌ಟಿ, ಮಣೂಕ ವ್ಯಾಪಾರಿಗಳ ಟ್ಯಾಲಿ, ವರ್ಷಕ್ಕೊಮ್ಮೆ ಎಲ್ಲರ ರಿಟರ್ನ್. ಮಣೂಕ ಅಂದರೆ ಒಣದ್ರಾಕ್ಷಿ, ನಮ್ಮ ಕಡೆ ಹಾಗೇ ಕರೆಯುವುದು. ಕಂಪ್ಯೂಟರ್ ರಿಪೇರಿ ನನ್ನ ಕಸುಬಲ್ಲ. ಆದರೂ ಹೆಗಲಿಗೆ ಲ್ಯಾಪ್‌ಟಾಪ್ ಹಾಕಿಕೊಂಡು ಊರೂರು ತಿರುಗುವವನು ಅಂದಮೇಲೆ ಜನ ಕೇಳದೆ ಬಿಡುತ್ತಾರಾ? ಮಕ್ಕಳ ಅಡ್ಮಿಷನ್ ಹಂಗಾಮು ಬಂದರೆ ವಾರಕ್ಕೆ ಇಬ್ಬರು ಮೂವರಾದರೂ ಕೇಳುತ್ತಾರೆ. ಪ್ರಶ್ನೆ ಒಂದೇ: "ಸರ, ಆ ತೆಳ್ಳಗಿನ ಲ್ಯಾಪ್‌ಟಾಪ್ ತಗೊಂಡ್ರ ದಿನಾ ಬಳಸಾಕ ನಡೀತೈತೇನ್ರಿ?"

ನಡೀತೈತಿ. ಆದರೆ ನಾನು ತಿರುಗಿ ಒಂದು ಮಾತು ಕೇಳುತ್ತೇನೆ. ನಿಮಗೆ ಬೇಕಾಗಿರುವುದು ತೆಳ್ಳಗಿನದೋ, ಹಗುರಾದದ್ದೋ?

ಎರಡೂ ಒಂದೇ ಅಲ್ವಾ ಅನ್ನುವವರೇ ಜಾಸ್ತಿ. ತಿಕೋಟಾ ಕಡೆಯ ನನ್ನ ಒಬ್ಬ ವ್ಯಾಪಾರಿಯೂ ಹಾಗೇ ಅಂದುಕೊಂಡಿದ್ದರು. ಮಗನ ಮಾತು ಕೇಳಿ ಹೊಸ ಲ್ಯಾಪ್‌ಟಾಪ್ ತರಿಸಿದ್ದರು. ಡಬ್ಬಿಯ ಮೇಲೆ 1.39 ಕೆಜಿ ಅಂತ ಇತ್ತು. ದಿನವಿಡೀ ತಕ್ಕಡಿ ಮುಂದೆ ಕೂರುವ ಮನುಷ್ಯ, ಬರೆದದ್ದನ್ನು ಸುಮ್ನೆ ನಂಬುವವರಲ್ಲ. ಮಣೂಕದ ಬಾಕ್ಸ್ ಇಡುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಅದನ್ನೇ ಇಟ್ಟರು. ತೂಕ ಹೆಚ್ಚುಕಡಿಮೆ ಸರಿಯಾಗೇ ಬಂತು. ಆಮೇಲೆ ಚಾರ್ಜರ್ ಇಟ್ಟರು, ಅದರ ದಪ್ಪ ವೈರ್ ಇಟ್ಟರು, ಮೌಸ್ ಇಟ್ಟರು, ಪೆನ್‌ಡ್ರೈವ್ ಹಾಕಲು ಬೇರೆ ಕೊಂಡಿದ್ದ ಹಬ್ ಇಟ್ಟರು, ಕೊನೆಗೆ ಬ್ಯಾಗೂ ಇಟ್ಟರು. 2.7 ಕೆಜಿ! "ಬಾರದಾನಾ ಕಳದು ತೂಕ ಹೇಳ್ಯಾರಲ್ರೀ ಇವ್ರು" ಅಂದರು. ಬಾರದಾನಾ ಅಂದರೆ ಮಾಲು ತುಂಬುವ ಚೀಲ, ಡಬ್ಬಿ. ಲ್ಯಾಪ್‌ಟಾಪ್ ಬಗ್ಗೆ ಇದಕ್ಕಿಂತ ಒಳ್ಳೆ ಮಾತನ್ನು ನಾನು ಯಾರ ಬಾಯಲ್ಲೂ ಕೇಳಿಲ್ಲ.

ಹೆಗಲಿಗೆ ಗೊತ್ತಾಗುವುದು ತೂಕ. ಬೆಳಗಾವಿ ಬಸ್ಸಿನಲ್ಲಿ ಐದಾರು ತಾಸು ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವರಿಗೆ ಅರ್ಧ ಕೆಜಿ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಗೊತ್ತು. ದಪ್ಪದ ಕಥೆ ಹಾಗಲ್ಲ. 15 ಮಿಲಿಮೀಟರ್ ಲ್ಯಾಪ್‌ಟಾಪಿಗೂ 19 ಮಿಲಿಮೀಟರ್ ಲ್ಯಾಪ್‌ಟಾಪಿಗೂ ಇರುವ ಫರಕು ಬ್ಯಾಗಿಗೆ ತಿಳಿಯುವುದೇ ಇಲ್ಲ. ಆದರೆ ಆ ನಾಲ್ಕು ಮಿಲಿಮೀಟರ್ ಉಳಿಸಲು ಕಂಪನಿಯವರು ಒಳಗಿನದ್ದನ್ನು ಒಂದೊಂದಾಗಿ ಕಡಿಮೆ ಮಾಡುತ್ತಾ ಹೋಗುತ್ತಾರೆ. ಫ್ಯಾನ್ ಸಣ್ಣದಾಗುತ್ತದೆ. ಕೀಲಿಗಳು ಒತ್ತಿದರೆ ಒಳಗೆ ಹೋಗುವುದೇ ಇಲ್ಲ ಅನ್ನುವಷ್ಟು ಚಪ್ಪಟೆಯಾಗುತ್ತವೆ. ಪೋರ್ಟ್‌ಗಳು ಮಾಯ. ರ್‍ಯಾಮ್ ಹಾಕುವ ಸ್ಲಾಟೂ ಮಾಯ, ಅಂದರೆ ಕೆಲಸ ನಡೆಯುವಾಗ ಯಂತ್ರ ಬಳಸುವ ಮೆಮೊರಿಯನ್ನು ಹೆಚ್ಚಿಸುವ ಜಾಗ.

ಈ ಹುಚ್ಚು ಶುರುವಾಗಿದ್ದು 2008ರ ಜನವರಿಯಲ್ಲಿ ಅನ್ನಬಹುದು. ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಕಚೇರಿ ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ಹೊರಗೆ ತೆಗೆದರು. ಎಲ್ಲರೂ ಲಕೋಟೆ ನೋಡಿದರು. ಆ ಯಂತ್ರಕ್ಕೆ ಯುಎಸ್‌ಬಿ ಪೋರ್ಟ್ ಒಂದೇ ಒಂದು ಇತ್ತು, ಡಿವಿಡಿ ಡ್ರೈವ್ ಇರಲಿಲ್ಲ, ಬ್ಯಾಟರಿ ನಾವೇ ಬಿಚ್ಚಿ ಬದಲಿಸುವ ಹಾಗಿರಲಿಲ್ಲ. 2011ರಲ್ಲಿ ಇಂಟೆಲ್ 'ಅಲ್ಟ್ರಾಬುಕ್' ಅಂತ ಹೆಸರಿಟ್ಟು ಉಳಿದ ಕಂಪನಿಗಳನ್ನೂ ಅದೇ ದಾರಿಗೆ ಎಳೆಯಿತು. ಈಗ ಅಂಗಡಿಯಲ್ಲಿ ಸಿಗುವ ಸಾದಾ ಲ್ಯಾಪ್‌ಟಾಪೂ ಅಂದಿನ ಲೆಕ್ಕದಲ್ಲಿ ತೆಳ್ಳಗಿನದೇ.

ನಮ್ಮ ಊರಿನವರು ಮೊದಲು ನೋಡಬೇಕಾದದ್ದು ಬಿಸಿಲು. ಯಾವ ಜಾಹೀರಾತೂ ಇದನ್ನು ಹೇಳುವುದಿಲ್ಲ. ಮ್ಯಾಕ್‌ಬುಕ್ ಏರ್‌ನ ವಿವರ ತೆಗೆದು ನೋಡಿ, ಬಳಸುವ ಜಾಗದ ಉಷ್ಣತೆ 10ರಿಂದ 35 ಡಿಗ್ರಿ ಇರಬೇಕು ಅಂತ ಬರೆದಿರುತ್ತದೆ. ಬೇರೆ ಕಂಪನಿಗಳ ಎಷ್ಟೋ ಮಾಡೆಲ್‌ಗಳೂ ಆ 35ರ ಹತ್ತಿರವೇ ನಿಲ್ಲುತ್ತವೆ. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ದಾಟುತ್ತದೆ. ತಗಡಿನ ಶೆಡ್ಡಿನಲ್ಲಿ ಕೂತು ಸ್ಟಾಕ್ ಬರೆದುಕೊಳ್ಳುವ ನನ್ನಂಥವನ ಪಾಡಂತೂ ಕೇಳಲೇಬೇಡಿ. ಹಾಗಂತ ಲ್ಯಾಪ್‌ಟಾಪ್ ಅಲ್ಲೇ ಸುಟ್ಟುಹೋಗುವುದಿಲ್ಲ. ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಬೆಳಿಗ್ಗೆ ಚುರುಕಾಗಿದ್ದದ್ದು ಮಧ್ಯಾಹ್ನ ಎತ್ತಿನ ಗಾಡಿ ಆಗುತ್ತದೆ. ತೆಳ್ಳಗಿದ್ದಷ್ಟೂ ಬಿಸಿ ಹೊರಗೆ ಹಾಕುವ ಜಾಗ ಕಡಿಮೆ, ಅಷ್ಟು ಬೇಗ ಈ ಕಥೆ.

ಫ್ಯಾನ್ ಇರುವ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಗಾಳಿ ಎಳೆದುಕೊಳ್ಳುವುದು ತಳದಿಂದ. ಮನೆಯಲ್ಲಿ ಕೌದಿಯ ಮೇಲೆ ಇಟ್ಟುಕೊಂಡು ಕೂತರೆ ಮೂಗು ಮುಚ್ಚಿದ ಹಾಗೆ. ಅದರ ಜೊತೆಗೆ ಎರಿ ಹೊಲದ ಧೂಳು. ಸಣ್ಣ ಫ್ಯಾನಿನ ಹಿಂದಿರುವ ಸಣ್ಣ ಜಾಳಿಗೆಯಲ್ಲಿ ಅದು ವರ್ಷದಲ್ಲೇ ಕಂಬಳಿಯಂತೆ ಕೂತಿರುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿಸಿ ಊದಿಸಿಕೊಳ್ಳುವುದು ಒಳ್ಳೆಯದು. ಫ್ಯಾನೇ ಇಲ್ಲದ ಲ್ಯಾಪ್‌ಟಾಪ್‌ಗಳೂ ಇವೆ, 2020ರಲ್ಲಿ ಬಂದ ಎಂ1 ಮ್ಯಾಕ್‌ಬುಕ್ ಏರ್ ಅಂಥದ್ದೇ. ಧೂಳಿನ ಕಾಟ ಇಲ್ಲ, ಸದ್ದಿಲ್ಲ. ಬಿಸಿಯಾದರೆ ನಿಧಾನವಾಗುವುದೊಂದೇ ಅದಕ್ಕಿರುವ ದಾರಿ.

ಬಿಸಿಲು ನಿಜವಾಗಿ ಹಾಳು ಮಾಡುವುದು ಬ್ಯಾಟರಿಯನ್ನು. ನನ್ನ ಮೊದಲ ತೆಳ್ಳಗಿನ ಲ್ಯಾಪ್‌ಟಾಪ್ ಮೂರನೇ ಬೇಸಿಗೆ ದಾಟಿತ್ತು. ಒಂದು ದಿನ ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗಲಿಲ್ಲ. ಧೂಳು ಹೋಗಿರಬೇಕು ಅಂತ ಮೌಸ್ ಹಾಕಿಕೊಂಡು ಎರಡು ವಾರ ದೂಡಿದೆ. ಆಮೇಲೆ ನೋಡಿದರೆ ಮುಚ್ಚಳ ಪೂರ್ತಿ ಕೂರುತ್ತಿಲ್ಲ. ರಿಪೇರಿ ಹುಡುಗ ತಳ ಬಿಚ್ಚಿ ತೋರಿಸಿದ. ಬ್ಯಾಟರಿ ಪೂರಿಯಂತೆ ಉಬ್ಬಿ ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತುತ್ತಿತ್ತು. "ಎರಡು ವಾರ ಇದನ್ನ ಚಾರ್ಜ್ ಮಾಡೀರೇನ್ರಿ?" ಅಂತ ಅವನು ಕೇಳಿದ ರೀತಿಯಲ್ಲೇ ನನಗೆ ಬೆವರು ಬಂತು. ಉಬ್ಬಿದ ಬ್ಯಾಟರಿಗೆ ಬೆಂಕಿ ಹತ್ತುವ ಭಯ ಇರುತ್ತದೆ. ಅಂಥದ್ದು ಕಂಡರೆ ಚಾರ್ಜ್ ಹಾಕಬಾರದು, ಒತ್ತಬಾರದು, ಆರಿಸಿ ಪಕ್ಕಕ್ಕಿಟ್ಟುಬಿಡಬೇಕು.

ಮುಂದಿನದ್ದು ಇನ್ನೂ ಚೆಂದ. ಕಂಪನಿಯ ಸರ್ವಿಸ್‌ನವರಿಗೆ ಕೊಟ್ಟರೆ "ಪಾರ್ಟ್ ಬರಬೇಕು" ಅಂದರು. ಪಾರ್ಟ್ ಬರಲು 23 ದಿನ ಹಿಡಿಯಿತು. ರಿಟರ್ನ್ ತುಂಬುವ ಕೊನೇ ದಿನ ಜುಲೈ 31 ತಲೆಯ ಮೇಲಿತ್ತು. ಮಗಳ ಹಳೇ ದಪ್ಪ ಲ್ಯಾಪ್‌ಟಾಪೇ ಆ ವರ್ಷ ಮಾನ ಕಾಪಾಡಿತು. ಅಂದಿನಿಂದ ಎರಡು ಪಾಠ ಕಲಿತೆ. ಟೇಬಲ್ಲಿನ ಮೇಲೆ ಇಡೀ ದಿನ ಚಾರ್ಜರ್ ಹಚ್ಚಿಡುವುದಾದರೆ, ಚಾರ್ಜ್ 80 ಪರ್ಸೆಂಟಿಗೆ ನಿಲ್ಲುವಂತೆ ಸೆಟ್ಟಿಂಗ್ ಮಾಡಿಡುತ್ತೇನೆ. ಈಗ ಹೆಚ್ಚಿನ ಕಂಪನಿಗಳು ಇದನ್ನು ಕೊಡುತ್ತವೆ. ಮತ್ತೆ, ಕೊಳ್ಳುವ ಮುಂಚೆ ವಾರಂಟಿಯಲ್ಲಿ ಮನುಷ್ಯ ನಮ್ಮ ಪಿನ್‌ಕೋಡಿಗೆ ಬರುತ್ತಾನೋ, ನಾವೇ ಹೊತ್ತುಕೊಂಡು ಬೇರೆ ಊರಿಗೆ ಹೋಗಬೇಕೋ ಅಂತ ಕೇಳುತ್ತೇನೆ. ಬೆಂಗಳೂರಿನವರಿಗೆ ಇದು ಚಿಕ್ಕ ವಿಷಯ. ನಮಗಲ್ಲ.

ಪ್ರೊಸೆಸರ್ ಬಗ್ಗೆ ಜನ ತಲೆ ಕೆಡಿಸಿಕೊಳ್ಳುವಷ್ಟು ಏನಿಲ್ಲ. 'ಐ5 ಐತಿ' ಅಂದರೆ ಸಾಲದು, ಅಷ್ಟು ತಿಳಿದಿರಲಿ. ಇಂಟೆಲ್‌ನ 12, 13ನೇ ತಲೆಮಾರಿನವುಗಳಲ್ಲಿ ಹೆಸರಿನ ಕೊನೆಗೆ 'ಯು' ಇದ್ದರೆ ಸಾಮಾನ್ಯವಾಗಿ 15 ವ್ಯಾಟಿನದು, 'ಎಚ್' ಇದ್ದರೆ 45 ವ್ಯಾಟಿನದು. ಒಂದು ಹಗುರ ನಡಿಗೆಯದು, ಇನ್ನೊಂದು ಜಾಸ್ತಿ ತಿಂದು ಜಾಸ್ತಿ ದುಡಿಯುವುದು. ಟ್ಯಾಲಿ, ಎಕ್ಸೆಲ್, ಕನ್ನಡ ಟೈಪಿಂಗಿನ ನುಡಿ, ಬ್ರೌಸರಿನಲ್ಲಿ ಹತ್ತು ಟ್ಯಾಬ್ ಇಷ್ಟೇ ಆದರೆ 'ಯು' ಧಾರಾಳ. ಇವೆಲ್ಲ ಒಂದು ಕ್ಷಣ ಜೋರಾಗಿ ದುಡಿದು ಸುಮ್ಮನಾಗುವ ಕೆಲಸಗಳು. ತೆಳ್ಳಗಿನ ಲ್ಯಾಪ್‌ಟಾಪ್ ದಿನಬಳಕೆಗೆ ಸಾಲುತ್ತದೆ ಅಂತ ನಾನು ಧೈರ್ಯವಾಗಿ ಹೇಳುವುದು ಇದಕ್ಕೇ. ತಾಸುಗಟ್ಟಲೆ ಒಂದೇ ಸಮ ದುಡಿಸುವ ವಿಡಿಯೋ ಎಡಿಟಿಂಗ್, ದೊಡ್ಡ ಗೇಮ್, ಇಂಜಿನಿಯರಿಂಗಿನ ತ್ರೀಡಿ ಡ್ರಾಯಿಂಗ್ ಇದ್ದವರು ಈ ದಾರಿಗೆ ಬರಬೇಡಿ.

ರ್‍ಯಾಮ್ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ. ಕೊಂಡ ದಿನ ಎಷ್ಟಿತ್ತೋ ಸಾಯುವ ದಿನವೂ ಅಷ್ಟೇ. "ಈಗ 8 ಜಿಬಿ ತಗೊಳ್ರಿ, ಆಮ್ಯಾಲೆ ಹಾಕಿಸಿಕೊಂಡ್ರಾತು" ಅಂತ ಅಂಗಡಿಯವರು ಹೇಳಿದರೆ, ಸ್ಲಾಟ್ ಇದೆಯಾ ಅಂತ ಕೇಳಿ. ಮಾಡೆಲ್ ನಂಬರ್ ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ನೀವೇ ನೋಡಿ. ಇಲ್ಲದಿದ್ದರೆ 16 ಜಿಬಿಗೆ ಕಡಿಮೆ ಬೇಡ. ಎಸ್‌ಎಸ್‌ಡಿ ಚಿಂತೆ ಅಷ್ಟಿಲ್ಲ, ಅದು ಫೈಲುಗಳು ಕೂರುವ ಜಾಗ. ಹೆಚ್ಚಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಬದಲಿಸಬಹುದು. ಅಂದಹಾಗೆ 512 ಜಿಬಿ ಕೊಂಡರೆ ಒಳಗೆ 476 ತೋರಿಸುತ್ತದೆ. ಮೋಸ ಅಂತ ಜಗಳಕ್ಕೆ ಹೋಗಬೇಡಿ, ಎಣಿಸುವ ಪದ್ಧತಿ ಬೇರೆ ಅಷ್ಟೇ. ನನಗೂ ಒಬ್ಬರು ಇದಕ್ಕೇ ರಾತ್ರಿ ಹತ್ತಕ್ಕೆ ಫೋನ್ ಮಾಡಿದ್ದರು.

ನನ್ನ ಕಸುಬಿನವರಿಗೆ ಇನ್ನೊಂದು ಮಾತು. ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವಿನಂಥ ಟೋಕನ್ ಹೆಚ್ಚಾಗಿ ಇರುವುದು ಹಳೇ ಅಗಲದ ಯುಎಸ್‌ಬಿಯಲ್ಲಿ. ಬರೀ ಟೈಪ್-ಸಿ ಇರುವ ಲ್ಯಾಪ್‌ಟಾಪ್ ಕೊಂಡರೆ ಪ್ರತಿ ಸಲ ಹಬ್ ಹುಡುಕಬೇಕು. ಗಿರಾಕಿಯ ಮುಂದೆ ಕೂತು ಬ್ಯಾಗ್ ತಡಕಾಡುವುದು ಚೆನ್ನಾಗಿರುವುದಿಲ್ಲ. ಹಾಗೇ 14 ಇಂಚಿನವುಗಳಲ್ಲಿ ಬಲಗಡೆಯ ಅಂಕಿಗಳ ಕೀಲಿಗಳು ಸಾಮಾನ್ಯವಾಗಿ ಇರುವುದಿಲ್ಲ. ದಿನಕ್ಕೆ ಇನ್ನೂರು ವೋಚರ್ ಹೊಡೆಯುವವರು ಬೇರೆ ನಂಬರ್ ಪ್ಯಾಡ್ ಕೊಳ್ಳಬೇಕು, ಅದೂ ಬಾರದಾನಾ ಲೆಕ್ಕಕ್ಕೆ ಸೇರುತ್ತದೆ. ಲ್ಯಾಪ್‌ಟಾಪ್ ಟೇಬಲ್ ಬಿಟ್ಟು ಏಳುವುದೇ ಇಲ್ಲ ಅಂದಮೇಲೆ 15.6 ಇಂಚಿನ ದಪ್ಪದ್ದೇ ತಗೊಳ್ಳಿ, ದುಡ್ಡೂ ಉಳಿಯುತ್ತದೆ.

ಬ್ಯಾಟರಿ ಎಷ್ಟು ತಾಸು ಬರುತ್ತದೆ ಅನ್ನುವುದಕ್ಕೆ ಸಣ್ಣ ಭಾಗಾಕಾರ ಸಾಕು. ವಿವರದಲ್ಲಿ ವ್ಯಾಟ್-ಅವರ್ ಅಂತ ಒಂದು ಅಂಕಿ ಇರುತ್ತದೆ, ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನುವ ಅಳತೆ. ಅದು 50 ಇದ್ದು, ನಿಮ್ಮ ಕೆಲಸಕ್ಕೆ ಯಂತ್ರ ಸರಾಸರಿ 8 ವ್ಯಾಟ್ ತಿಂದರೆ ಆರು ತಾಸು. ಜಾಹೀರಾತಿನ 14 ತಾಸು, ಬೆಳಕು ಕಡಿಮೆ ಮಾಡಿ ವಿಡಿಯೋ ಓಡಿಸಿ ನೋಡಿದ್ದಿರಬಹುದು. ಎರಡು ಮೂರು ವರ್ಷಕ್ಕೆ ಬ್ಯಾಟರಿಯೂ ಸವೆಯುತ್ತದೆ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಕಡೆ ಕೆಲಸ ಮಾಡುವವರು 50ಕ್ಕಿಂತ ಕಡಿಮೆಯದನ್ನು ನೋಡಲೇಬೇಡಿ.

ಪರದೆಯನ್ನು ಅಂಗಡಿಯ ದೀಪದ ಕೆಳಗೆ ನೋಡಿ ಮರುಳಾಗಬೇಡಿ. ಬಾಗಿಲ ಕಡೆ ತಿರುಗಿಸಿ ನೋಡಿ. 250 ನಿಟ್ಸ್ ಬೆಳಕಿನ ಪರದೆ ಬಾಗಿಲಲ್ಲೇ ಮಂಕಾಗುತ್ತದೆ. 300 ಇದ್ದರೆ ನಡೆಯುತ್ತದೆ, 400 ಇದ್ದರೆ ನೆರಳಿನ ಅಂಗಳದಲ್ಲೂ ಕೂರಬಹುದು. ಪರದೆಯ ಚುಕ್ಕಿಗಳ ಲೆಕ್ಕ 1920×1080 ಬದಲು 1920×1200 ಸಿಕ್ಕರೆ ಬಿಡಬೇಡಿ. ಎಕ್ಸೆಲ್‌ನಲ್ಲಿ ನಾಲ್ಕೈದು ಸಾಲು ಜಾಸ್ತಿ ಕಾಣುತ್ತವೆ. ಹಾಗೇ ಮುಚ್ಚಳ ತೆರೆದು ನಿಮ್ಮ ಹೆಸರು, ವಿಳಾಸ ಟೈಪ್ ಮಾಡಿ. ಕೀಬೋರ್ಡಿನ ನಡುವೆ ಒತ್ತಿದರೆ ತೊಟ್ಟಿಲಿನಂತೆ ಬಗ್ಗುತ್ತದಾ ನೋಡಿ. ಒಂದು ಮೂಲೆ ಹಿಡಿದು ಎತ್ತಿದಾಗ ಕಿರ್ ಅಂದರೆ ಕೆಳಗಿಡಿ, ಬೇರೆಯದು ನೋಡಿ. ಅಂಗಡಿ ಹುಡುಗ ಮುಖ ಸಿಂಡರಿಸಿದರೆ ಸಿಂಡರಿಸಲಿ.

ನನ್ನ ಈಗಿನ ಲ್ಯಾಪ್‌ಟಾಪ್ 1.5 ಕೆಜಿ, ದಪ್ಪ 18 ಮಿಲಿಮೀಟರ್. ಯಾರೂ ಅದನ್ನು ನೋಡಿ ವ್ಹಾ ಅಂದಿಲ್ಲ. ಅದರಲ್ಲಿ ನಾನು ಹಟ ಹಿಡಿದು ಕೇಳಿ ಪಡೆದದ್ದು ಟೈಪ್-ಸಿ ಚಾರ್ಜಿಂಗ್. ಟೈಪ್-ಸಿ ತೂತು ಇದ್ದ ಮಾತ್ರಕ್ಕೆ ಅದರಿಂದ ಚಾರ್ಜ್ ಆಗುತ್ತದೆ ಅಂತಲ್ಲ, ಕೇಳಿಯೇ ಕೊಳ್ಳಬೇಕು. ಆದರೆ ಒಮ್ಮೆ ಸಿಕ್ಕರೆ 65 ವ್ಯಾಟಿನ ಒಂದೇ ಚಾರ್ಜರ್ ಫೋನಿಗೂ ಆಗುತ್ತದೆ, ಲ್ಯಾಪ್‌ಟಾಪಿಗೂ ಆಗುತ್ತದೆ. ತಿಕೋಟಾದ ವ್ಯಾಪಾರಿಯ ಲ್ಯಾಪ್‌ಟಾಪಿಗೂ ಅಂಥದ್ದೇ ಚಾರ್ಜರ್. ಹಾಗಾಗಿ ಅಲ್ಲಿಗೆ ಹೋಗುವಾಗ ನಾನು ನನ್ನದನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ, ಅವರದನ್ನೇ ಹಚ್ಚಿಕೊಳ್ಳುತ್ತೇನೆ. ಮೊನ್ನೆ ಅದನ್ನೂ ಅವರು ಗಮನಿಸಿದರು. "ಬಾರದಾನಾ ನಮ್ಮ ಮ್ಯಾಲ ಹಾಕಿ ಬಂದೀರಿ. ಕರೆಂಟಿನ ರೊಕ್ಕ ನಿಮ್ಮ ಫೀಜಿನ್ಯಾಗ ಕಳೀತೇನ್ರಿ" ಅಂದರು.