ಕತ್ತು ಕೊಯ್ಯದೆ ಆಗಲ್ವಾ ಡಾಕ್ಟ್ರೇ?

ಥೈರಾಯ್ಡ್ ಕ್ಯಾನ್ಸರ್ ಅಂತ ರಿಪೋರ್ಟ್ ಹಿಡಿದು ಬಂದವರು ಮೊದಲು ಕೇಳುವುದು ಇದನ್ನೇ. ಕೇಳುವಾಗ ಕೈ ತಾನಾಗಿಯೇ ಕತ್ತಿನ ಮೇಲೆ ಹೋಗಿರುತ್ತದೆ.

ಆಗುತ್ತದೆ, ಆದರೆ ಕೆಲವರಿಗೆ ಮಾತ್ರ. ಹೆಚ್ಚಿನವರಿಗೆ ಬರುವುದು ಪ್ಯಾಪಿಲರಿ ಎಂಬ ಬಗೆ. ಬಹಳ ನಿಧಾನದ್ದು. ಆ ಗಂಟು 1 ಸೆಂ.ಮೀ. ಒಳಗಿದ್ದು, ಅಕ್ಕಪಕ್ಕ ಹರಡದೆ, ಧ್ವನಿಯ ನರಕ್ಕೆ ತಾಗದೆ ಇದ್ದರೆ ಮಾತ್ರ ಮುಂದಿನ ಮಾತು.

ಎಲ್ಲರೂ ಕೇಳಿಕೊಂಡು ಬರುವುದು ಆರ್‌ಎಫ್‌ಎ, ಅಂದರೆ ಸೂಜಿಯಿಂದ ಸುಡುವುದು. ಕತ್ತಿಗೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಅಲ್ಟ್ರಾಸೌಂಡ್ ನೋಡುತ್ತಾ ತೆಳ್ಳನೆ ಸೂಜಿಯನ್ನು ಗಂಟಿನೊಳಗೆ ತೂರಿಸುತ್ತಾರೆ. ತುದಿ ಕಾಯುತ್ತಿದ್ದಂತೆ ಪರದೆ ಮೇಲೆ ಬಿಳಿ ಗುಳ್ಳೆಗಳು ಮೋಡದ ಹಾಗೆ ಏಳುತ್ತವೆ. ಧ್ವನಿಯ ನರ ಅಲ್ಲೇ ಹಿಂದೆ ಇರುವುದರಿಂದ, ನಡುವೆ ಗ್ಲೂಕೋಸ್ ನೀರು ತುಂಬಿಸಿ ಅದನ್ನು ದೂರ ಇಡಬೇಕು. ರೋಗಿಗೆ ಎಚ್ಚರ ಇರುತ್ತದೆ. ಮಧ್ಯೆ ಮಧ್ಯೆ ಮಾತಾಡಿಸುತ್ತಾರೆ. ಸ್ವರ ಒಡೆಯಿತೋ, ಅಲ್ಲಿಗೇ ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ಆದರೆ ಸುಟ್ಟದ್ದನ್ನು ಹೊರಗೆ ತೆಗೆಯುವುದಿಲ್ಲವಲ್ಲ, ಇಡೀ ಗಂಟನ್ನು ಲ್ಯಾಬಿನಲ್ಲಿ ಪರೀಕ್ಷಿಸಲು ಆಗುವುದಿಲ್ಲ. ವರ್ಷಗಟ್ಟಲೆ ಸ್ಕ್ಯಾನ್ ಮಾಡಿಸುತ್ತಲೇ ಇರಬೇಕು.

ಇನ್ನೊಂದು, ಬಾಯೊಳಗಿಂದ ಮಾಡುವ ಆಪರೇಷನ್. ಕೆಳತುಟಿಯ ಒಳಗೆ ಮೂರು ಸಣ್ಣ ಗಾಯ. ಕತ್ತಿನ ಮೇಲೆ ಗೆರೆಯೂ ಇರುವುದಿಲ್ಲ. ಇದನ್ನು 'ಚಿಕ್ಕ ಆಪರೇಷನ್' ಅನ್ನುವುದು ಮಾತ್ರ ನನಗೆ ಸರಿಬರುವುದಿಲ್ಲ. ಪೂರ್ತಿ ಅರಿವಳಿಕೆ ಬೇಕೇ ಬೇಕು. ಗದ್ದದಿಂದ ಕತ್ತಿನವರೆಗೆ ಚರ್ಮದಡಿ ದಾರಿ ಬೇರೆ ಬಿಡಿಸಬೇಕು. ಗಾಯ ಕಾಣುವುದಿಲ್ಲ, ಅಷ್ಟೇ.

ಯಾರಿಗೂ ಇಷ್ಟವಾಗದ ದಾರಿಯೂ ಒಂದಿದೆ: ಏನೂ ಮಾಡದೆ ಕಾಯುವುದು. ಜಪಾನಿನ ಕೋಬೆಯ ಕುಮಾ ಆಸ್ಪತ್ರೆ 1993ರಿಂದ ಹೀಗೆ ಮಾಡುತ್ತಿದೆ. ಅಲ್ಲಿ 1,235 ಜನರನ್ನು ಗಮನಿಸಿದಾಗ, 10 ವರ್ಷದಲ್ಲಿ ಗಂಟು 3 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಬೆಳೆದದ್ದು ನೂರಕ್ಕೆ ಸುಮಾರು 8 ಜನರಲ್ಲಿ. ಹಾಗೆ ಬೆಳೆದಾಗ ಆಪರೇಷನ್ ಮಾಡಿದರೂ ತಡವಾಗಲಿಲ್ಲ. 'ಕ್ಯಾನ್ಸರ್ ಇಟ್ಕೊಂಡು ಸುಮ್ನೆ ಕೂರೋದಾ?' ಅಂತ ಮನೆಯವರು ನನ್ನನ್ನೇ ದಿಟ್ಟಿಸುತ್ತಾರೆ. ಆ ಭಯ ಸುಳ್ಳಲ್ಲ.

ಕೊನೆಗೆ, 'ನೀವಾಗಿದ್ರೆ ಏನ್ ಮಾಡ್ತಿದ್ರಿ?' ಅನ್ನುತ್ತಾರೆ. ಅಷ್ಟು ಸಣ್ಣ ಗಂಟಾದರೆ ನಾನು ಕಾಯುತ್ತಿದ್ದೆ, ಆರು ತಿಂಗಳಿಗೊಂದು ಸ್ಕ್ಯಾನ್ ಮಾಡಿಸುತ್ತಾ. ರಾತ್ರಿ ನಿದ್ದೆ ಬರುತ್ತಿಲ್ಲ ಅನಿಸಿದ ದಿನ, ಕತ್ತಿನ ಮೇಲೆ ಗೆರೆ ಬಿದ್ದರೂ ಬೀಳಲಿ ಅಂತ ಅರ್ಧ ಥೈರಾಯ್ಡ್ ತೆಗೆಸಿಬಿಡುತ್ತಿದ್ದೆ.