ತುಡುವೆ ಪೆಟ್ಟಿಗೆ: ಶಿರಸಿ ಕಡೆಯ ಅಡಿಕೆ ತೋಟದ ಕೆಲಸದ ಟಿಪ್ಪಣಿ

ನವೆಂಬರ್

ಹುತ್ತದಲ್ಲಿದ್ದ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ಜೇನುನೊಣ) ಕುಟುಂಬವನ್ನು ಎಂಟು ಚೌಕಟ್ಟಿನ ಪೆಟ್ಟಿಗೆಗೆ ಕೂರಿಸಿದ್ದಾಯ್ತು. ಇಳಿಹೊತ್ತಿನ ಕೆಲಸ ಇದು. ಒಣ ತೆಂಗಿನನಾರಿನ ಹೊಗೆ ಸಾಕು, ಅದೂ ಮಿತವಾಗಿ. ಎರಿಯ (ನೊಣ ಕಟ್ಟಿದ ಮೇಣದ ಹಲ್ಲೆ) ಮೇಲ್ಭಾಗದ ಜೇನುತುಪ್ಪ ಕೊಯ್ದು ಬೇರೆ ಇಡಬೇಕು. ಸೇರಿಸಿ ಕಟ್ಟಿದರೆ ಭಾರಕ್ಕೆ ಎರಿ ಕುಸಿಯುತ್ತದೆ, ಸೋರಿದ್ದಕ್ಕೆ ಇರುವೆ ಮುತ್ತುತ್ತದೆ. ಮರಿಯಿರುವ ಭಾಗವನ್ನಷ್ಟೇ ಅಳತೆಗೆ ಕತ್ತರಿಸಿ, ತಲೆಕೆಳಗಾಗದಂತೆ ಬಾಳೆನಾರಿನಲ್ಲಿ ಚೌಕಟ್ಟಿಗೆ ಕಟ್ಟುವುದು. ರಾಣಿ ಒಳಹೊಕ್ಕರೆ ಉಳಿದವು ತಾವಾಗಿ ಬರುತ್ತವೆ. ಬಾಗಿಲಿಗೆ ರಾಣಿ ಗೇಟು (ದುಡಿಯುವ ನೊಣ ದಾಟುವ, ರಾಣಿ ದಾಟಲಾರದ ಕಿಂಡಿಯ ತಡೆ) ಮೂರ್ನಾಲ್ಕು ದಿನ ಇರಲಿ. ನೊಣಗಳು ಕಾಲಲ್ಲಿ ಪರಾಗ ಹೊತ್ತು ಬರತೊಡಗಿದರೆ ತೆಗೆದುಬಿಡಬಹುದು.

ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು. ಪಕ್ಕದ ಒಂದು ಹುಲ್ಲುಕಡ್ಡಿ ಪೆಟ್ಟಿಗೆಗೆ ತಾಗಿದರೂ ಬಟ್ಟಲು ಇಟ್ಟದ್ದು ದಂಡ.

ಜನವರಿ

ಮೊದಲು ಗಂಡುನೊಣದ ಕೋಶ ಕಂಡವು: ಉಬ್ಬಿದ ಮುಚ್ಚಳ, ನಡುವೆ ಸೂಜಿಮೊನೆಯಷ್ಟು ತೂತು. ಆಮೇಲೆ ಎರಿಯ ಕೆಳಅಂಚಿನಲ್ಲಿ ರಾಣಿ ಕೋಶ. ಕುಟುಂಬ ಪಾಲಾಗುವ ಮೊದಲೇ ಪಾಲು ಮಾಡುವುದು ಲೇಸು. ಹಳೇ ರಾಣಿಯನ್ನು ಮರಿಯಿರುವ ಮೂರು ಎರಿಗಳ ಸಮೇತ ಹೊಸ ಪೆಟ್ಟಿಗೆಗೆ ಹಾಕಿ ದೂರ ಇಟ್ಟಿದೆ. ಹೊರಗೆ ದುಡಿಯುವ ನೊಣಗಳು ಹಳೇ ಜಾಗಕ್ಕೇ ಮರಳುವುದರಿಂದ, ಇನ್ನೊಂದು ಎರಿಯ ಎಳೇ ನೊಣಗಳನ್ನೂ ಇದಕ್ಕೆ ಕೊಡವಬೇಕು. ಹಳೇ ಪೆಟ್ಟಿಗೆಯಲ್ಲಿ ದಪ್ಪನೆಯ ಒಂದೇ ರಾಣಿ ಕೋಶ ಉಳಿಸಿ, ಬಾಕಿಯವನ್ನು ಚಿವುಟಿದ್ದಾಯ್ತು. ಅಲ್ಲಿಗೆ ಮಾತ್ರ ರಾಣಿ ಗೇಟು ಹಾಕಲೇಬಾರದು. ಹೊಸ ರಾಣಿ ಗಂಡು ಕೂಡಲು ಹೊರಗೆ ಹಾರಬೇಕು. ತಡೆದರೆ ಅವಳ ಮೊಟ್ಟೆಯಿಂದ ಬರೀ ಗಂಡುನೊಣ ಹುಟ್ಟಿ ಕುಟುಂಬ ಸವೆದುಹೋಗುತ್ತದೆ.

ಏಪ್ರಿಲ್

ನೇರಳೆ ಹೂವಿನ ತುಪ್ಪ. ಎರಿಯ ಮುಕ್ಕಾಲು ಪಾಲು ಮೇಣದ ಮುಚ್ಚಳ ಬಿದ್ದ ಮೇಲೇ ತುಪ್ಪ ತೆಗೆಯುವ ಯಂತ್ರಕ್ಕೆ. ಅವಸರ ಮಾಡಿದರೆ ನೀರಂಶ ಜಾಸ್ತಿಯಾಗಿ ಹುಳಿ ಬರುತ್ತದೆ. ಹೊಸ ಎರಿ ಮೆದು, ನಿಧಾನ ತಿರುಗಿಸಬೇಕು. ಮರಿ ಬೆಳೆಯುವ ಸಂಸಾರ ಕೋಣೆಯ ತುಪ್ಪ ಮುಟ್ಟಿಲ್ಲ.

ಜುಲೈ

ಪೆಟ್ಟಿಗೆ ಕಳೆದುಕೊಳ್ಳುವವರು ಹೆಚ್ಚಾಗಿ ಕಳೆದುಕೊಳ್ಳುವುದು ಈಗಲೇ. ಕುಮಟಾ, ಹೊನ್ನಾವರದ ಕಡೆ ತೆಂಗಿನ ಹೊಂಬಾಳೆ ವರ್ಷವಿಡೀ ಅರಳುತ್ತದೆ, ನಿಜ. ಆದರೆ ಜಡಿಮಳೆಯಲ್ಲಿ ನೊಣ ಹೊರಡುವುದೆಲ್ಲಿಂದ? ಹಸಿವಾದರೆ ರಾಣಿ ಮೊಟ್ಟೆ ಕಡಿಮೆ ಮಾಡುತ್ತಾಳೆ, ನೊಣ ಇಳಿಯುತ್ತದೆ, ಎರಿ ಬೋಳಾಗುತ್ತದೆ. ಆ ಬೋಳು ಎರಿಗೆ ಮೇಣದ ಪತಂಗ ಮೊಟ್ಟೆ ಇಡುತ್ತದೆ. ಹುಳು ಬಲೆ ಕಟ್ಟಿದ ಮೇಲೆ ತುಡುವೆ ಹೋರಾಡುವುದಿಲ್ಲ, ಪೆಟ್ಟಿಗೆಯನ್ನೇ ಬಿಟ್ಟು ಹಾರುತ್ತದೆ. ಹಾಗಾಗಿ ನೊಣ ಮುಚ್ಚಿಕೊಂಡಿರುವಷ್ಟೇ ಎರಿ ಉಳಿಸಿದೆ: ಒಂದರಲ್ಲಿ ಐದು, ಇನ್ನೊಂದರಲ್ಲಿ ನಾಲ್ಕು. ತೆಗೆದ ಹಳೇ ಕಪ್ಪು ಎರಿಯನ್ನು ಅಂದೇ ಕರಗಿಸಬೇಕು. ವಾರಕ್ಕೊಮ್ಮೆ ಮಳೆ ಹೊಳವಾದಾಗ ಅಡಿಮಣೆ ಕೆರೆದು ಒರೆಸುವುದು; ಪತಂಗದ ಹುಳು ಮೊದಲು ಕಾಣುವುದು ಅಲ್ಲಿಯ ಕಸದಲ್ಲೇ.

ಸಕ್ಕರೆ, ಕುದಿಸಿ ಆರಿಸಿದ ನೀರು ಸಮಸಮ. ಬೆಲ್ಲ ಬೇಡ, ನೊಣಕ್ಕೆ ಭೇದಿ ಹಿಡಿಯುತ್ತದೆ. ಒಂದು ಪೆಟ್ಟಿಗೆಗೆ 200 ಮಿಲಿ, ಸಂಜೆ, ಮುಚ್ಚಳದೊಳಗೆ, ಮುಳುಗದಂತೆ ತೇಲುಕಡ್ಡಿ ಹಾಕಿ. ಎಲ್ಲ ಪೆಟ್ಟಿಗೆಗೂ ಒಂದೇ ದಿನ ಕೊಡಬೇಕು, ಇಲ್ಲದಿದ್ದರೆ ಬಲವಾದ ಕುಟುಂಬ ಬಡವಾದದ್ದನ್ನು ದೋಚುತ್ತದೆ.

ಪೆಟ್ಟಿಗೆಯ ಮೇಲೆ ಅಡಿಕೆ ಹಾಳೆ, ಬಾಗಿಲ ಕಡೆಗೆ ತುಸು ಇಳಿಜಾರು. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ದಿನ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ನೀರು) ಮರದಿಂದ ತೊಟ್ಟಿಕ್ಕುತ್ತದೆ. ಅಂದು ನೊಣ ಹೊರಬಾರದಂತೆ ಬಾಗಿಲಿಗೆ ಜಾಳಿಗೆ ಹಾಕುವುದು. ಕಾಲಿನ ಬಟ್ಟಲಿನ ನೀರು ಚೆಲ್ಲಿ ಹೊಸದು ತುಂಬಿದ ಮೇಲೆಯೇ ಅದನ್ನು ತೆಗೆಯುವುದು.